ಪಂಚಮಿಗೆ ಬಾರದ ಮಗಳು: ಒಂದು ಪ್ರಕರಣ

ಮೊದಲು ಬಂದವನು ಅಣ್ಣ. 2016ರ ಜನವರಿ. ಕೈಯಲ್ಲಿ ನೆಟ್‌ನಿಂದ ತೆಗೆದ ಹದಿನೈದು ಹಾಳೆ ಪ್ರಿಂಟೌಟು, ಅಲ್ಲಲ್ಲಿ ಹಳದಿ ಗೆರೆ. ಕುರ್ಚಿ ಎಳೆದುಕೊಳ್ಳುವ ಮುಂಚೆಯೇ ಶುರು ಮಾಡಿದ.

"ಮೇಡಮ್ಮಾರ, ನಮ್ಮ ತಂಗಿಗೆ ಫಾಲ್ಸ್ ಮೆಮೊರಿ ಸಿಂಡ್ರೋಮ್ ಆಗೈತ್ರಿ. ಒಂದು ಸರ್ಟಿಫಿಕೇಟ್ ಬರದು ಕೊಡ್ರಿ, ಮುಂದಿಂದು ನಾವು ನೋಡ್ಕೋತೇವಿ."

ಫಾಲ್ಸ್ ಮೆಮೊರಿ ಅಂದರೆ ಸುಳ್ಳು ನೆನಪು, ಆಗದ್ದನ್ನು ಆಯಿತು ಅಂತ ನೆನಪಿಸಿಕೊಳ್ಳುವುದು. ನಾನು ಆ ತಂಗಿಯ ಮುಖವನ್ನೇ ನೋಡಿರಲಿಲ್ಲ.

ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಮಾಜ ಕಾರ್ಯಕರ್ತೆಯಾಗಿ ಇಪ್ಪತ್ತು ವರ್ಷ ದಾಟಿದೆ, ಇಂಥ ಕೋರಿಕೆ ಹೊಸದಲ್ಲ. ಗಂಡನಿಗೆ ಹೆಂಡತಿ ಹುಚ್ಚಿ ಅಂತ ಬರೆಸಿಕೊಳ್ಳಬೇಕು, ಆಸ್ತಿಗೆ ಅಣ್ಣನಿಗೆ ತಮ್ಮ ಹುಚ್ಚ ಅಂತ ಬರೆಸಿಕೊಳ್ಳಬೇಕು. ಆದರೆ ಇವನ ಕಣ್ಣಲ್ಲಿ ಆಸ್ತಿ ಇರಲಿಲ್ಲ. ಎರಡು ತಿಂಗಳಿಂದ ನಿದ್ದೆ ಇಲ್ಲದ ಕಣ್ಣು ಅವು.

ಇದನ್ನು ಬರೆಯಲು ಮಗಳು, ತಾಯಿ, ಅಣ್ಣ ಮೂವರೂ ಒಪ್ಪಿದ್ದಾರೆ. ತಂದೆ "ಬೇಕಾದ್ದು ಬರಕೋರಿ" ಅಂದಿದ್ದಾರೆ, ಅದನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯಬೇಕೋ ಬೇಡವೋ ನನಗಿನ್ನೂ ಗೊತ್ತಾಗಿಲ್ಲ. ಗುರುತು ಸಿಗುವ ಕೆಲವು ವಿವರ ಬದಲಿಸಿದ್ದೇನೆ. ಊರು ಗದಗ, ಮನೆಯವರದು ಪ್ರಿಂಟಿಂಗ್ ಪ್ರೆಸ್ಸು ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ಗದಗಿನಲ್ಲಿ ಪ್ರೆಸ್ಸುಗಳಿಗೇನು ಕಡಿಮೆ, ಅದರಿಂದ ಯಾರನ್ನೂ ಹುಡುಕಲು ಆಗುವುದಿಲ್ಲ.

ಆಗಿದ್ದು ಇಷ್ಟು. ಮಗಳು 1990ರಲ್ಲಿ ಹುಟ್ಟಿದವಳು, ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. 2015ರಲ್ಲಿ ಮುಟ್ಟಿನ ತೊಂದರೆಗೆ ಡಾಕ್ಟರು ಹೊಟ್ಟೆ ಸ್ಕ್ಯಾನ್ ಬರೆದರು. ನೀರು ಕುಡಿದು, ಮೂತ್ರ ತಡೆದುಕೊಂಡು ಬರಬೇಕು ಅಂತಾರಲ್ಲ, ಅದೇ ಸ್ಕ್ಯಾನ್. ಕತ್ತಲೆ ಕೋಣೆಯಲ್ಲಿ ಮಲಗಿಸಿದ ತಕ್ಷಣ ಉಸಿರು ಕಟ್ಟಿ, ಮೈಯೆಲ್ಲ ನಡುಗಿ, ಕಿರುಚಿಕೊಂಡು ಎದ್ದು ಬಂದಿದ್ದಾಳೆ. ಆಮೇಲೆ ನಿದ್ದೆ ಹೋಯಿತು. ಆ ಹೊತ್ತಿಗೆ ಮನೆಯಲ್ಲಿ ಗಂಡು ನೋಡುತ್ತಿದ್ದರು, ಎರಡು ಸಂಬಂಧ ಬೇಡ ಅಂದಳು. ಗೆಳತಿಯೊಬ್ಬಳು ಒಬ್ಬ ಕೌನ್ಸೆಲರ್ ನಂಬರ್ ಕೊಟ್ಟಳು.

ಆ ಕೌನ್ಸೆಲರ್ ಮಾಡುತ್ತಿದ್ದದ್ದು ರಿಗ್ರೆಷನ್. ಕಣ್ಣು ಮುಚ್ಚಿಸಿ, ಮೆಟ್ಟಿಲು ಇಳಿದ ಹಾಗೆ ಕಲ್ಪಿಸಿಕೋ ಅಂದು, ಒಂದೊಂದು ಮೆಟ್ಟಿಲಿಗೆ ಒಂದೊಂದು ವರ್ಷ ಹಿಂದಕ್ಕೆ ಕರೆದೊಯ್ಯುವುದು. ಹನ್ನೆರಡು ಸಲ ಹೋದಳು. ಹನ್ನೆರಡನೆಯದು ಮುಗಿದ ವಾರವೇ ದೀಪಾವಳಿ. ಮನೆಗೆ ಫೋನ್ ಮಾಡಿ, ಸ್ಪೀಕರ್ ಹಾಕಿಸಿ, ನಾಲ್ಕು ವರ್ಷದವಳಿದ್ದಾಗ ಮೇಲಿನ ಖೋಲಿಯಲ್ಲಿ ಅಪ್ಪ ತನ್ನ ಜೊತೆ ಹೊಲಸು ಕೆಲಸ ಮಾಡಿದ ಅಂದಳು. ಅವ್ವನಿಗೂ ಗೊತ್ತಿತ್ತು, ಬಾಗಿಲಾಚೆ ನಿಂತಿದ್ದಳು ಅಂದಳು. ಅಣ್ಣನ ಹೆಂಡತಿ ಆಗ ಹೂರಣ ರುಬ್ಬುತ್ತಿದ್ದಳಂತೆ. ಮಿಕ್ಸಿ ಆಫ್ ಮಾಡಿದ ಸದ್ದು, ಆಮೇಲೆ ಏನೂ ಸದ್ದಿಲ್ಲ ಅಂತ ಅಣ್ಣ ಹೇಳಿದ.

ಅವನಿಗೆ ಸರ್ಟಿಫಿಕೇಟ್ ಕೊಡಲಿಲ್ಲ. ಅವನು ಹಿಡಿದುಕೊಂಡು ಬಂದ ಹೆಸರು ಕಾಯಿಲೆಯ ಹೆಸರೇ ಅಲ್ಲ. 1992ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ದೊಡ್ಡವರಾದ ಮಕ್ಕಳಿಂದ ಇಂಥದೇ ಆರೋಪ ಕೇಳಿದ ತಂದೆತಾಯಿಗಳು ಒಂದು ಸಂಸ್ಥೆ ಕಟ್ಟಿಕೊಂಡರು, ಅದಕ್ಕೆ ಇಟ್ಟ ಹೆಸರು ಅದು. 2019ರ ಕೊನೆಗೆ ಆ ಸಂಸ್ಥೆ ಮುಚ್ಚಿತು. ಡಾಕ್ಟರುಗಳು ಕಾಯಿಲೆ ಗುರುತಿಸಲು ಬಳಸುವ ಡಿಎಸ್‌ಎಂನಲ್ಲೂ ಇಲ್ಲ, ಐಸಿಡಿಯಲ್ಲೂ ಇಲ್ಲ. ಸುಳ್ಳು ನೆನಪು ಆಗುತ್ತದೆ, ಅದಕ್ಕೆ ಬೇಕಾದಷ್ಟು ಪುರಾವೆ ಇದೆ. ಆದರೆ ಇಂಥ ಹುಡುಗಿಗೆ ಅದು ಆಗಿದೆ ಅಂತ ನೋಡದೇ ಬರೆದು ಕೊಡುವುದಕ್ಕೂ, ಇಂಥ ಅಪ್ಪ ಮಾಡಿದ್ದಾನೆ ಅಂತ ಮೆಟ್ಟಿಲು ಇಳಿಸಿ ಕಂಡುಹಿಡಿಯುವುದಕ್ಕೂ ನನಗೆ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ. ಅದನ್ನೇ ಹೇಳಿದೆ.

"ಅಂದ್ರ ನಮ್ಮಪ್ಪ ಮಾಡ್ಯಾನ ಅಂತೀರೇನು? ನಮ್ಮಂಥವರ ಮನ್ಯಾಗ ಇಂಥಾದ್ದೆಲ್ಲ ಆಗಂಗಿಲ್ರಿ."

ಇಲ್ಲಿ ನನಗೆ ಸಿಟ್ಟು ಬಂತು. ಆಗುತ್ತದೆ. 2007ರಲ್ಲಿ ಕೇಂದ್ರ ಸರ್ಕಾರವೇ 13 ರಾಜ್ಯಗಳಲ್ಲಿ ಮಕ್ಕಳನ್ನು ಕೇಳಿ ಮಾಡಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು, ಶೇಕಡ 53.22, ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಆಗಿದೆ ಅಂದಿದ್ದರು. ಅದರಲ್ಲಿ ನಮ್ಮಂಥವರ ಮನೆಯ ಮಕ್ಕಳು ಇರಲಿಲ್ಲವೇನು? ಇಷ್ಟು ಹೇಳಿ ಕಳಿಸಿದೆ. ಮತ್ತೆ ಬರುವುದಿಲ್ಲ ಅಂದುಕೊಂಡಿದ್ದೆ, ಅವನು ಬರಲಿಲ್ಲ ಕೂಡ. ಬಂದದ್ದು ಮಗಳು, ಹತ್ತು ತಿಂಗಳ ನಂತರ. ಹುಬ್ಬಳ್ಳಿಗೆ ವರ್ಗ ಮಾಡಿಸಿಕೊಂಡಿದ್ದಳು, ವಿದ್ಯಾನಗರದಲ್ಲಿ ಬಾಡಿಗೆ ಮನೆ. ಗದಗಿಗೆ ಒಂದೂವರೆ ತಾಸಿನ ದಾರಿ, ಹೋಗುತ್ತಿರಲಿಲ್ಲ. ಪಂಚಮಿಗೂ ಹೋಗಿರಲಿಲ್ಲ. ನಮ್ಮ ಕಡೆ ಪಂಚಮಿಗೆ ಮಗಳು ತವರಿಗೆ ಬರಲಿಲ್ಲ ಅಂದರೆ ಓಣಿಗೆಲ್ಲ ಉತ್ತರ ಕೊಡಬೇಕು. ತಾಯಿ "ರಜಾ ಸಿಗಲಿಲ್ಲಂತ" ಅಂತ ಹೇಳಿಕೊಂಡು ತಿರುಗಿದ್ದಳು.

"ನನಗ ನಿದ್ದಿ ಬರ್ಬೇಕ್ರಿ ಮೇಡಂ, ಅಷ್ಟ ಸಾಕು. ಅಪ್ಪನ ವಿಷಯ ಮಾತಾಡೂದಿಲ್ಲ."

ಆಯಿತು ಅಂದೆ. ಮನೋವೈದ್ಯರೊಬ್ಬರಿಗೂ ತೋರಿಸಿದೆವು, ಭ್ರಮೆ ಗಿಮೆ ಏನೂ ಇಲ್ಲ, ಆತಂಕ ಇದೆ ಅಂದರು, ನಿದ್ದೆಗೆ ಸ್ವಲ್ಪ ದಿನ ಮಾತ್ರೆ ಕೊಟ್ಟರು. ಎರಡು ತಿಂಗಳಾದ ಮೇಲೆ ತಾನೇ ಒಂದು ಡೈರಿ ತಂದುಕೊಟ್ಟಳು. ಪ್ರತಿ ಸಲ ಕೌನ್ಸೆಲರ್ ಹತ್ತಿರ ಹೋಗಿಬಂದ ರಾತ್ರಿ ಬರೆದದ್ದು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ.

ಮೊದಲ ಸಲ: "ಏನೂ ನೆನಪಾಗಲಿಲ್ಲ. ಸುಮ್ನೆ ಅಳು ಬಂತು."

ಮೂರನೇ ಸಲ: "ಸೀಮೆಎಣ್ಣೆ ವಾಸನೆ. ಕತ್ತಲೆ. ಮೇಲೆ ಏನೋ ದೊಡ್ಡದು ಇದೆ. ಕೆಳಗೆ ಉರಿ."

ಐದನೇ ಸಲ: "ಯಾರೋ ಕೈ ಹಿಡಿದಿದ್ದಾರೆ. ಅವ್ವ ಬಾಗಿಲಾಚೆ ಇದ್ದಾಳೆ, ಒಳಗೆ ಬರುತ್ತಿಲ್ಲ."

ಎಂಟನೇ ಸಲ: "ಆ ಕೈಯಲ್ಲಿ ಉಂಗುರ ಇದೆಯಾ ನೋಡು ಅಂದರು. ಇದೆ ಅನ್ನಿಸಿತು."

ಒಂಬತ್ತು: "ಮನೆಯಲ್ಲಿ ಯಾವ ಜಾಗ ಅಂದರು. ಮೇಲಿನ ಖೋಲಿ. ನೀಲಿ ಬಾಗಿಲು."

ಹತ್ತು: "ಉಂಗುರ ಚುಚ್ಚುತ್ತಿತ್ತು. ಮುಖ ನೋಡುವ ಧೈರ್ಯ ನಿನಗೆ ಇದೆಯಾ ಅಂದರು. ಮುಂದಿನ ವಾರ ನೋಡುತ್ತೇನೆ."

ಹನ್ನೊಂದನೆಯದರ ಕೆಳಗೆ ಒಂದೇ ಶಬ್ದ: "ಅಪ್ಪ."

ಎಂಟನೇ ಸಲ "ಇದೆ ಅನ್ನಿಸಿತು" ಅಂತ ಇದ್ದದ್ದು ಎರಡು ವಾರದಲ್ಲಿ "ಚುಚ್ಚುತ್ತಿತ್ತು" ಆಗಿದೆ, ನೋಡಿ. ಉಂಗುರದ ಮಾತು ತೆಗೆದವಳು ಇವಳಲ್ಲ. ಮನೆ ಅನ್ನುವ ಮಾತು ತೆಗೆದವಳೂ ಇವಳಲ್ಲ. ಮುಖ ಕಾಣದಿದ್ದರೆ ಧೈರ್ಯ ಇಲ್ಲದವಳು ಅಂತ ಅರ್ಥ ಬರುವ ಹಾಗೆ ಕೇಳಿದ ಮೇಲೆ ಯಾರಿಗೆ ತಾನೇ ಮುಖ ಕಾಣುವುದಿಲ್ಲ, ಹೇಳಿ? ಮತ್ತೆ ನಾಲ್ಕು ವರ್ಷದ ಮಗುವಿನ ಸುತ್ತ ದಿನಾ ಇರುವ ಮುಖಗಳು ಎಷ್ಟು, ನಾಲ್ಕೋ ಐದೋ.

ಪ್ರಶ್ನೆಯ ಒಂದು ಶಬ್ದ ಬದಲಾದರೆ ನೆನಪು ಬದಲಾಗುತ್ತದೆ ಅನ್ನುವುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲೇ ತೋರಿಸಿದ್ದರು. ಕಾರು ಅಪಘಾತದ ಫಿಲ್ಮ್ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳುವುದು. "ಜೋರಾಗಿ ಅಪ್ಪಳಿಸಿದಾಗ" ಅಂತ ಕೇಳಿದವರಿಗೆ ಸರಾಸರಿ 40.5 ಮೈಲಿ ಅಂತ ಉತ್ತರ ಬಂತು, "ತಾಗಿದಾಗ" ಅಂತ ಕೇಳಿದವರಿಗೆ 31.8. ಫಿಲ್ಮ್ ಅದೇ. 1995ರಲ್ಲಿ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್ರೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 24 ಜನರಿಗೆ ಅವರ ಮನೆಯವರಿಂದ ಕೇಳಿದ ಮೂರು ನಿಜ ಘಟನೆಗಳ ಜೊತೆ, ಚಿಕ್ಕವರಿದ್ದಾಗ ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಅನ್ನುವ ಕಟ್ಟುಕಥೆಯನ್ನೂ ಕೊಟ್ಟರು. ಆರು ಜನ ಅದನ್ನು ಪೂರ್ತಿಯಾಗಿಯೋ ಅರ್ಧಂಬರ್ಧವೋ ನೆನಪಿಸಿಕೊಂಡರು. ಮಾಲ್‌ನಲ್ಲಿ ಕಳೆದುಹೋಗುವುದೂ ಅಪ್ಪ ಮೈಮೇಲೆ ಕೈ ಹಾಕುವುದೂ ಒಂದೇ ತೂಕದ್ದಲ್ಲ ಅಂತ ಈ ಪ್ರಯೋಗವನ್ನು ಟೀಕಿಸುವವರು ಹೇಳುತ್ತಾರೆ, ಅದೂ ಸರಿಯಾದ ಮಾತೇ. ಆದರೆ 24ರಲ್ಲಿ 18 ಜನ ಇಲ್ಲ ಅಂದರಲ್ಲ, ಅವರನ್ನು ಹನ್ನೆರಡು ವಾರ ಕಣ್ಣು ಮುಚ್ಚಿಸಿ ಕೇಳಿರಲಿಲ್ಲ.

ದೂರ ಯಾಕೆ, ನನ್ನದೇ ಹೇಳುತ್ತೇನೆ. ಗೋಕಾಕ ಚಳವಳಿಯ ಮೆರವಣಿಗೆಯನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. 1982, ನನಗೆ ಐದು ವರ್ಷ. ಅಪ್ಪನ ತಲೆಯ ಕೊಬ್ಬರಿ ಎಣ್ಣೆ ವಾಸನೆ ಕೂಡ ಇದೆ. ಹೆಗಲ ಮೇಲೆ ಇದ್ದದ್ದು ನನ್ನ ತಮ್ಮ. ನಾನು ಗದ್ದಕಟ್ಟು ಬಂದು ಮನೆಯಲ್ಲಿ ಮಲಗಿದ್ದೆ ಅಂತ ಅವ್ವ, ಅಪ್ಪ, ಸೋದರತ್ತೆ ಎಲ್ಲರೂ ಹೇಳುತ್ತಾರೆ. ಈಗಲೂ ಕಣ್ಣು ಮುಚ್ಚಿದರೆ ನಾನೇ ಹೆಗಲ ಮೇಲೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ತಪ್ಪು ಮಾಡಿದೆ, ಅದನ್ನು ಬರೆಯದೆ ಹೋದರೆ ಈ ಬರಹಕ್ಕೆ ಅರ್ಥ ಇಲ್ಲ. ಆ ಮೇಲಿನ ಖೋಲಿ ಕಟ್ಟಿದ್ದು ಯಾವಾಗ ಅಂತ ಆಕೆಗೆ ಹೇಳಿಯೇ ತಾಯಿಯನ್ನು ವಿಚಾರಿಸಿದ್ದೆ. ಸ್ಲ್ಯಾಬ್ ಹಾಕಿದ್ದು 1999ರಲ್ಲಿ. ತಾಯಿ ಫೋಟೋ ಕಳಿಸಿದಳು: ಹಸಿ ಕಾಂಕ್ರೀಟಿನ ಪಕ್ಕ ಫ್ರಾಕ್ ಹಾಕಿಕೊಂಡು, ಖಾಲಿ ಬುಟ್ಟಿ ತಲೆ ಮೇಲಿಟ್ಟುಕೊಂಡು ನಗುತ್ತಿರುವ ಒಂಬತ್ತು ವರ್ಷದ ಹುಡುಗಿ. ನಾಲ್ಕು ವರ್ಷದವಳಿದ್ದಾಗ ಆ ಖೋಲಿಯೇ ಇರಲಿಲ್ಲ. ನಾನು ಅದನ್ನು ಇಸ್ಪೀಟಿನಲ್ಲಿ ತುರುಫು ಎಲೆ ಇಳಿಸಿದ ಹಾಗೆ ಟೇಬಲ್ ಮೇಲೆ ಇಟ್ಟೆ. ಆಕೆ ಫೋಟೋ ನೋಡಿದಳು, ನನ್ನನ್ನು ನೋಡಿದಳು, ಬ್ಯಾಗ್ ತೆಗೆದುಕೊಂಡು ಹೋದಳು. ಮೂರು ತಿಂಗಳು ಬರಲಿಲ್ಲ.

ಹೋಗಿದ್ದು ಸರಿ ಅಂತ ಈಗ ಅನ್ನಿಸುತ್ತದೆ. ಜಾಗ ತಪ್ಪಾದರೆ ಘಟನೆಯೇ ಸುಳ್ಳು ಅಂತ ಆಗುವುದಿಲ್ಲ. ನಿಜವಾಗಿ ಕಿರುಕುಳ ಅನುಭವಿಸಿದವರೂ ಗೋಡೆ ಬಣ್ಣ, ವರ್ಷ, ಋತು ಎಲ್ಲ ತಪ್ಪಾಗಿ ಹೇಳುತ್ತಾರೆ. ಪೂರ್ತಿ ಮರೆಯುವುದೂ ಉಂಟು. ಲಿಂಡಾ ವಿಲಿಯಮ್ಸ್ ಅನ್ನುವ ಸಂಶೋಧಕಿ, ಚಿಕ್ಕಂದಿನಲ್ಲಿ ಕಿರುಕುಳ ಆಗಿದ್ದಕ್ಕೆ ಆಸ್ಪತ್ರೆಯ ದಾಖಲೆ ಇದ್ದ 129 ಹೆಂಗಸರನ್ನು 17 ವರ್ಷದ ನಂತರ ಹುಡುಕಿ ಮಾತಾಡಿಸಿದರು, 1994ರಲ್ಲಿ ಪ್ರಕಟವಾಯಿತು. ಶೇಕಡ 38ರಷ್ಟು ಜನ ಆ ಘಟನೆಯನ್ನು ಹೇಳಲೇ ಇಲ್ಲ. ನೆನಪಿರಲಿಲ್ಲವೋ, ಹೇಳಲು ಮನಸ್ಸಾಗಲಿಲ್ಲವೋ. ಅಂದಮೇಲೆ "ಇಷ್ಟು ದಿನ ಯಾಕ ಸುಮ್ಮನಿದ್ದಿ" ಅಂತ ಅಣ್ಣ ಕೇಳಿದ್ದು ತಪ್ಪು ಪ್ರಶ್ನೆ. ಕೇಳಬೇಕಾದದ್ದು ಬೇರೆ: ಕೌನ್ಸೆಲರ್ ಬಾಗಿಲು ತಟ್ಟುವ ಮುಂಚೆ ನಿನಗೆ ಏನು ನೆನಪಿತ್ತು?

ಮೂರು ತಿಂಗಳ ನಂತರ ಬಂದಾಗ ಮೊದಲು ಕ್ಷಮೆ ಕೇಳಿದೆ, ಆಮೇಲೆ ಈ ಪ್ರಶ್ನೆ ಕೇಳಿದೆ. ಬಹಳ ಹೊತ್ತು ಯೋಚಿಸಿದಳು.

"ಒಂದು ಗೊತ್ತಿತ್ರಿ. ನನ್ನ ಬಗ್ಗೆ ಮನ್ಯಾಗ ಏನೋ ಮುಚ್ಚಿಡತಾರ ಅಂತ. ನಾ ಬಂದ ಕೂಡಲೇ ಅವ್ವ, ಅಜ್ಜಿ ಮಾತು ನಿಲ್ಲಸ್ತಿದ್ರು. ಒಂದ ಸಲ ಅಜ್ಜಿ, ಇದನ್ನ ಬೀಗರಿಗೆ ಹೇಳಬ್ಯಾಡ್ರಿ ಅಂದದ್ದು ಕೇಳೇನಿ. ಅದು ಕಲ್ಪನಾ ಅಲ್ಲ."

ಅಲ್ಲ. ಇದು ಡೈರಿಗಿಂತ ಮುಂಚಿನದು. ಆಗ ಆಕೆಯ ಒಪ್ಪಿಗೆ ಪಡೆದು ತಾಯಿಯನ್ನು ಕರೆಸಿದೆ. ಅಪ್ಪನ ಬಗ್ಗೆ ಒಂದು ಮಾತೂ ಎತ್ತದೆ, ಡೈರಿಯ ಒಂದು ಸಾಲನ್ನೂ ಹೇಳದೆ, ಮಗಳಿಗೆ ಚಿಕ್ಕಂದಿನಲ್ಲಿ ದವಾಖಾನೆ ಓಡಾಟ ಏನಾದರೂ ಇತ್ತಾ ಅಂದೆ. ಸ್ಕ್ಯಾನ್ ಕೋಣೆಯಲ್ಲಿ ಕಿರುಚಿದ್ದನ್ನು ಆಕೆ ಮೊದಲ ದಿನವೇ ಹೇಳಿದ್ದಳು, ನಾನು ಅದನ್ನು ಆಗಲೇ ಹಿಡಿಯಬೇಕಿತ್ತು.

ತಾಯಿ ಸೆರಗಿನ ತುದಿ ಬೆರಳಿಗೆ ಸುತ್ತತೊಡಗಿದಳು. ಮುಂದಿನ ವಾರ ಒಂದು ಲಕೋಟೆ ತಂದಳು, ಅವರದೇ ಪ್ರೆಸ್ಸಿನ ಲಗ್ನಪತ್ರಿಕೆ ಕವರು, ಮೇಲೆ ಗಣಪತಿ. ಒಳಗೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹಳದಿಯಾದ ಚೀಟಿಗಳು, ಎರಡು ಎಕ್ಸ್‌ರೇ ಫಿಲ್ಮು. 1995 ಫೆಬ್ರವರಿ. ಮಗುವಿಗೆ ಮೇಲಿಂದ ಮೇಲೆ ಮೂತ್ರದ ಸೋಂಕು, ಎಂಸಿಯು ಪರೀಕ್ಷೆ. ಗೊತ್ತಿಲ್ಲದವರಿಗೆ: ಮೂತ್ರದ ದಾರಿಯಲ್ಲಿ ಸಣ್ಣ ಕೊಳವೆ ತೂರಿಸಿ, ಮೂತ್ರದ ಚೀಲಕ್ಕೆ ಎಕ್ಸ್‌ರೇಯಲ್ಲಿ ಕಾಣುವ ಔಷಧಿ ತುಂಬಿಸಿ, ಮೂತ್ರ ಮಾಡಿಸುತ್ತಾ ಎಕ್ಸ್‌ರೇ ತೆಗೆಯುತ್ತಾರೆ. ಮೂತ್ರ ಮೇಲಕ್ಕೆ ಕಿಡ್ನಿ ಕಡೆ ವಾಪಸ್ ಹೋಗುತ್ತಿದೆಯಾ ಅಂತ ನೋಡಲು. ಮಗು ಎಚ್ಚರ ಇರುತ್ತದೆ, ದೊಡ್ಡವರು ಹಿಡಿದುಕೊಳ್ಳಬೇಕು. 1990ರ ದಶಕದಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ ನೆನಪನ್ನು ಅಭ್ಯಾಸ ಮಾಡಲು ಇದೇ ಪರೀಕ್ಷೆಯನ್ನು ಆರಿಸಿಕೊಂಡಿದ್ದರು. ನೋವು, ನಾಚಿಕೆ, ಮುಟ್ಟಬಾರದ ಜಾಗದಲ್ಲಿ ಮುಟ್ಟುವುದು ಎಲ್ಲ ಇದೆ, ಆಗಿದ್ದು ಏನು ಅನ್ನುವುದಕ್ಕೆ ದಾಖಲೆಯೂ ಇದೆ.

"ಯಾಕ ಹೇಳಲಿಲ್ಲವ್ವಾ?" ಮಗಳು ಕೇಳಿದಳು.

"ಹೆಣ್ಣ ಹುಡುಗಿ. ಅಂಥಾ ಜಾಗಾದ ಟೆಸ್ಟು, ಕಿಡ್ನಿ ದೋಷ ಐತಿ ಅಂದ್ರ ನಾಳೆ ಲಗ್ನಕ್ಕ ಯಾರು ಬರತಾರ ಅಂತ ನಿಮ್ಮ ಅಜ್ಜಿ ಆಣಿ ಹಾಕಸ್ಕೊಂಡಿದ್ದಳು."

"ಕೈ ಹಿಡಿದವರು ಯಾರು?"

"ಅಪ್ಪ. ಪ್ರೆಸ್ಸಿನಿಂದ ಹಂಗ ಬಂದಿದ್ರು. ನಾ ಹೊರಗ ನಿಂತೆ. ನನಗ ನೋಡಾಕ ಆಗಲಿಲ್ಲ."

ಆಗ ಅವರದು ಕಾಲಲ್ಲಿ ತುಳಿಯುವ ಟ್ರೆಡಲ್ ಮಷಿನ್ನು, ಅಚ್ಚಿನ ಮೊಳೆ ತೊಳೆಯಲು ಸೀಮೆಎಣ್ಣೆ. ಅಪ್ಪನ ಮೈಯೆಲ್ಲ ಅದೇ ವಾಸನೆ.

ಇಲ್ಲಿಗೆ ಕಥೆ ಮುಗಿಯಿತು, ಗಂಟು ಬಿಚ್ಚಿತು ಅಂತ ನಿಮಗೆ ಅನ್ನಿಸುತ್ತಿರಬಹುದು. ಅಣ್ಣನಿಗೂ ಹಾಗೇ ಅನ್ನಿಸಿತ್ತು, ಫೈಲಿನ ಫೋಟೋ ತೆಗೆದು ನೆಂಟರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಲು ಹೊರಟಿದ್ದ, ನಾನು ಮತ್ತು ತಾಯಿ ಕೈ ಹಿಡಿದು ನಿಲ್ಲಿಸಿದೆವು. ಆ ಫೈಲು ಹೇಳುವುದು ಒಂದು ದಿನ ಏನಾಯಿತು ಅನ್ನುವುದನ್ನು. ಉಳಿದ ದಿನಗಳಲ್ಲಿ ಏನೂ ಆಗಲಿಲ್ಲ ಅಂತ ಅದು ಹೇಳುವುದಿಲ್ಲ. ಉಂಗುರ ಇನ್ನೂ ಉಳಿದಿದೆ: ಲಗ್ನದ ಫೋಟೋದಲ್ಲಿ ಅಪ್ಪನ ಬೆರಳಿಗೆ ಉಂಗುರ ಇದೆ, ಯಾವ ವರ್ಷದವರೆಗೆ ಹಾಕಿಕೊಂಡಿದ್ದರು ಅನ್ನುವುದರಲ್ಲಿ ಮನೆಯ ಮೂವರದು ಮೂರು ಉತ್ತರ. ನನ್ನ ಅಭಿಪ್ರಾಯ ಇಷ್ಟೇ: ಆಕೆಯ ಮೈಗೆ ನೆನಪಿದ್ದ ಹೆದರಿಕೆ ನಿಜ, ಮನೆಯವರು ಮುಚ್ಚಿಟ್ಟದ್ದೂ ನಿಜ, ಎಂಟನೇ ಸಲದಿಂದ ಮುಂದೆ ಬಂದ ಯಾವ ವಿವರದ ಮೇಲೂ ಭಾರ ಹಾಕಲು ಬರುವುದಿಲ್ಲ. ಕೌನ್ಸೆಲರ್ ಕೆಟ್ಟವರು ಅಂತಲೂ ನಾನು ಹೇಳುವುದಿಲ್ಲ, ವಾರಾಂತ್ಯದ ಕೋರ್ಸಿನಲ್ಲಿ ಕಲಿತದ್ದನ್ನು ನಂಬಿ ಮಾಡಿದರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಯಾರಾದರೂ ಹೇಳಿಕೊಂಡರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಕೇಳಿ, ತಪ್ಪು ತಿಳಿಯುವುದಿಲ್ಲ.

ಅಪ್ಪ ನನ್ನ ಹತ್ತಿರ ಬಂದದ್ದು ಒಂದೇ ಸಲ. ಅರವತ್ತರ ಹತ್ತಿರ, ಉಗುರಿನಂಚಿನಲ್ಲಿ ಇನ್ನೂ ಶಾಯಿ. "ನನಗ ಮಂಪರು ಪರೀಕ್ಷೆ ಮಾಡಸ್ರಿ. ಎಲ್ಲಾರ ಮುಂದ ಆಗಲಿ" ಅಂದರು. ಅದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಬಿಡಿಸಿ ಹೇಳಿದೆ. ನಮ್ಮ ಕರ್ನಾಟಕದ್ದೇ ಕೇಸು, ಸೆಲ್ವಿ ಪ್ರಕರಣ. ಒಪ್ಪಿಗೆ ಇಲ್ಲದೆ ಯಾರಿಗೂ ಅದನ್ನು ಮಾಡಬಾರದು, ಒಪ್ಪಿ ಮಾಡಿಸಿಕೊಂಡರೂ ಬಾಯಿಂದ ಬಂದ ಮಾತೇ ಸಾಕ್ಷ್ಯ ಆಗುವುದಿಲ್ಲ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಪರೀಕ್ಷೆಯಲ್ಲಿ ಕೊಡುವ ಔಷಧಿ ಸತ್ಯ ಹೊರಗೆ ತರುವುದಿಲ್ಲ, ನಾಲಿಗೆ ಸಡಿಲ ಮಾಡುತ್ತದೆ, ಕೇಳಿದವರು ಹೇಳಿಕೊಟ್ಟ ಕಡೆ ಮನಸ್ಸು ವಾಲುವ ಹಾಗೆ ಮಾಡುತ್ತದೆ. ಅಮೆರಿಕದಲ್ಲಿ ಇದೇ ಜಾತಿಯ ಔಷಧಿ ಕೊಟ್ಟು ಒಬ್ಬ ಮಗಳ "ನೆನಪು" ಗಟ್ಟಿ ಮಾಡಿದ್ದರು. ಆ ತಂದೆ ಥೆರಪಿಸ್ಟುಗಳ ಮೇಲೆ ಕೇಸು ಹಾಕಿ, 1994ರಲ್ಲಿ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಜ್ಯೂರಿ ಅವನಿಗೆ 5 ಲಕ್ಷ ಡಾಲರ್ ಪರಿಹಾರ ಕೊಡಿಸಿತು. ಮನೆ ಮಾತ್ರ ಅಷ್ಟರಲ್ಲಿ ಒಡೆದಿತ್ತು.

"ಹಂಗಾರ ನಾ ಮಾಡಿಲ್ಲ ಅಂತ ನೀವ ಬರದು ಕೊಡ್ರಿ."

ಅದನ್ನೂ ಬರೆದು ಕೊಡಲು ಆಗಲಿಲ್ಲ. ಎದ್ದು, ನಮಸ್ಕಾರ ಮಾಡಿ ಹೋದರು.

ಆ ಮನೆಯಲ್ಲಿ ಆದ ಇನ್ನೊಂದು ವಿಷಯವನ್ನು ಯಾರೂ ಹೇಳಿರಲಿಲ್ಲ, ನಾನೇ ಗದಗಿಗೆ ಹೋದಾಗ ಕಣ್ಣಾರೆ ನೋಡಿದ್ದು. ದೀಪಾವಳಿಯ ಫೋನಿನ ನಂತರ ಅಣ್ಣನ ಹೆಂಡತಿ ತನ್ನ ಮಗಳನ್ನು ಕರೆದುಕೊಂಡು ರಾಣೇಬೆನ್ನೂರಿನ ತವರಿಗೆ ಹೋಗಿ ಆರು ತಿಂಗಳು ಕೂತಿದ್ದಳು. ಊರವರು ಆಕೆಯನ್ನು ಬೈದರು, ನಾನು ಬೈಯುವುದಿಲ್ಲ. ಗೊತ್ತಿಲ್ಲದಾಗ ಮಗುವನ್ನು ದೂರ ಇಡುವುದೇ ಸರಿ. ಆಮೇಲೆ ವಾಪಸ್ ಬಂದಳು. ಆದರೆ ಅಜ್ಜ ಮೊಮ್ಮಗಳನ್ನು ಎತ್ತಿಕೊಳ್ಳುವುದು ಬಿಟ್ಟಿದ್ದರು. ನಾನು ಹೋದ ದಿನ ಆ ಮಗು "ಅಜ್ಜಾ" ಅಂತ ಓಡಿ ಬಂದು ಮೊಣಕಾಲಿಗೆ ಜೋತುಬಿದ್ದಿತು. ಅಜ್ಜ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹಾಗೇ ನಿಂತುಕೊಂಡು, "ಒಳಗ ಅವ್ವ ಕರೀತಾಳ, ಹೋಗು" ಅಂದರು. ಮಗು ಹೋಗಲಿಲ್ಲ. ಅವರು ಕೈ ಬಿಚ್ಚಲಿಲ್ಲ.

ಮಗಳು ಈಗ "ಅಪ್ಪ ಮಾಡಿದ" ಅನ್ನುವುದಿಲ್ಲ. "ಮಾಡಿಲ್ಲ" ಅಂತಲೂ ಅನ್ನುವುದಿಲ್ಲ. "ನನಗ ಗೊತ್ತಿಲ್ಲ" ಅನ್ನುತ್ತಾಳೆ, ಅಲ್ಲಿಗೆ ಬರಲು ಆಕೆಗೆ ಎರಡು ವರ್ಷ ಹಿಡಿಯಿತು. ತಾಯಿ ಅಷ್ಟಕ್ಕೆ ಒಪ್ಪಿಕೊಂಡಿದ್ದಾಳೆ. ಅಪ್ಪ ಒಪ್ಪಿಲ್ಲ, "ಗೊತ್ತಿಲ್ಲ ಅಂದ್ರ ಅರ್ಧ ಕಳ್ಳ ಅಂದಂಗ" ಅಂತಾರೆ. ಅವರ ಜಾಗದಲ್ಲಿ ಇದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆನೇನೋ.

2019ರ ಪಂಚಮಿಗೆ ಆಕೆ ಗದಗಿಗೆ ಹೋದಳು, ನಾಲ್ಕು ವರ್ಷದಲ್ಲಿ ಮೊದಲ ಸಲ. ಆಗಸ್ಟ್ 4, ನಾಗರ ಚೌತಿ, ಭಾನುವಾರ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸ್, ಉಳಿಯುವುದಿಲ್ಲ ಅಂತ ಮೊದಲೇ ಹೇಳಿದ್ದಳು. ಅಪ್ಪ ಇಡೀ ದಿನ ಪ್ರೆಸ್ಸಿನಲ್ಲೇ ಇದ್ದರು, ಅರ್ಧ ಶಟರ್ ಎಳೆದುಕೊಂಡು, ಪ್ರೂಫ್ ನೋಡುವುದಿದೆ ಅಂತ. ಹಬ್ಬದ ದಿನ ಯಾರ ಪ್ರೂಫೋ ಏನೋ. ಸಂಜೆ ಬಸ್ಸು ಹತ್ತುವ ಹೊತ್ತಿಗೆ ತಾಯಿ ಉಂಡಿ ಡಬ್ಬಿ ಕೊಟ್ಟಳು.

ರಾತ್ರಿ ನನಗೆ ಒಂದು ಫೋಟೋ ಕಳಿಸಿದಳು. ಸ್ಟೀಲ್ ಡಬ್ಬಿ, ಒಳಗೆ ಪ್ರೆಸ್ಸಿನ ರದ್ದಿ ಹಾಳೆ ಹಾಸಿದ್ದು, ಮೇಲೆ ಒಂದು ಚೀಟಿ. ಪ್ರೂಫ್ ತಿದ್ದುವ ಕೆಂಪು ಪೆನ್ಸಿಲ್ಲಿನಲ್ಲಿ, ಅಚ್ಚಿನ ಮೊಳೆಯಷ್ಟು ನೆಟ್ಟಗಿನ ಅಕ್ಷರ: ಶೇಂಗಾ 12, ಎಳ್ಳು 8, ಬೇಸನ್ 10.